ಡೇಕೇರ್ ಮಕ್ಕಳು ಹೊರಗೆ ಆಡುವುದು ಯಾವಾಗ? ವಿಜಯಪುರದ ಅಪ್ಪ-ಅಮ್ಮಂದಿರ ಚರ್ಚೆ

ಜಲನಗರದ ಅಮ್ಮ
ಫೆಬ್ರವರಿ, ಭಾನುವಾರ ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನನ್ನ ಮಗಳಿಗೆ ಮೂರು ವರ್ಷ ಏಳು ತಿಂಗಳು. ಇವತ್ತು ಸಂಜೆ ಗೋಳಗುಮ್ಮಟಕ್ಕೆ ಹೋಗಿದ್ದೆವು. ಹುಲ್ಲಿನ ಮೇಲೆ ಆಡಲಿ ಅಂತ ಚಪ್ಪಲಿ ಬಿಚ್ಚಿ ಕೆಳಗಿಳಿಸಿದೆ. ಎರಡೂ ಕಾಲು ಮೇಲಕ್ಕೆತ್ತಿ ನನ್ನ ಕುತ್ತಿಗೆಗೆ ಜೋತುಬಿದ್ದಳು. "ಯವ್ವಾ, ಚುಚ್ಚತೈತಿ" ಅಂತ ಅತ್ತಳು. ಪಕ್ಕದಲ್ಲಿ ಹಳ್ಳಿಯಿಂದ ಬಂದ ಒಂದು ಕುಟುಂಬ ಬುತ್ತಿ ಬಿಚ್ಚಿಕೊಂಡು ಕೂತಿತ್ತು. ಅವರ ಮಗುವಿಗೆ ಎರಡು ವರ್ಷವೂ ಆಗಿರಲಿಕ್ಕಿಲ್ಲ. ಬರಿಗಾಲಲ್ಲಿ ಅಳಿಲಿನ ಹಿಂದೆ ಓಡುತ್ತಿತ್ತು. ನಾನು ಮಗಳನ್ನು ಎತ್ತಿಕೊಂಡು ಅಲ್ಲೇ ನಿಂತುಬಿಟ್ಟೆ. ಇವಳ ಪಾದ ಮಣ್ಣು ಮುಟ್ಟಿದ್ದು ಯಾವಾಗ ಅಂತ ನೆನಪು ಮಾಡಿಕೊಂಡೆ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಊರಿಗೆ ಹೋಗಿದ್ದೆವು. ಆಗಲೂ ಹೊಲದಲ್ಲಿ ಚಾಪೆ ಬಿಟ್ಟು ಇಳಿದಿರಲಿಲ್ಲ.

ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಒಂದೂವರೆ ವರ್ಷದಿಂದ ಬೆಳಿಗ್ಗೆ 9ರಿಂದ ಸಂಜೆ 5:30ರವರೆಗೆ ಅವಳು ಡೇಕೇರ್‌ನಲ್ಲಿ ಇರುತ್ತಾಳೆ. ಅಲ್ಲಿನವರು ಒಳ್ಳೆಯವರು, ಪ್ರೀತಿಯಿಂದ ನೋಡಿಕೊಳ್ಳುತ್ತಾರೆ. ಜಾಗ ಮೊದಲ ಮಹಡಿ, ಟೈಲ್ಸ್ ನೆಲ, ಗೋಡೆ ತುಂಬ ಚಿತ್ರ. ಕೆಳಗೆ ಅಂಗಳ ಇದೆ. ಬೇವಿನ ಮರವೂ ಇದೆ. ಆದರೆ ಬಾಗಿಲಿಗೆ ಬೀಗ. ಶನಿವಾರ ಅರ್ಧ ಗಂಟೆ ಬಿಡುತ್ತಾರೆ, ಅದೂ "ಎಲ್ಲರೂ ಜಾಣರಾಗಿ ಊಟ ಮುಗಿಸಿದರೆ". ಅಂಗಳ ಅನ್ನುವುದು ಆ ಮಕ್ಕಳಿಗೆ ಬಹುಮಾನ ಆಗಿಬಿಟ್ಟಿದೆ.

ಸಂಜೆ ಮನೆಗೆ ಬಂದರೆ ನನಗೆ ರೊಟ್ಟಿ, ಪಲ್ಯ, ಪಾತ್ರೆ. ಅವಳಿಗೆ ಟಿವಿ. ತಪ್ಪು ನಮ್ಮದೂ ಇದೆ.

ಡೇಕೇರ್‌ನವರನ್ನು ಕೇಳಬಹುದಾ? ಕೇಳಿದರೆ ಏನಂತ ಕೇಳಲಿ? ನಿಮ್ಮ ಮಕ್ಕಳು ಇರುವ ಕಡೆ ಹೇಗೆ ನಡೆಯುತ್ತದೆ?

ಬೇವಿನ ನೆರಳು (ಅಂಗನವಾಡಿ ಕಾರ್ಯಕರ್ತೆ, ಬಬಲೇಶ್ವರ ತಾಲ್ಲೂಕು)
ಭಾನುವಾರ ರಾತ್ರಿ 10:35

ತಂಗಿ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಮಗಳು ಎಂಟು ದಿನದಲ್ಲಿ ಮಣ್ಣಿಗೆ ಹೊಂದಿಕೊಳ್ಳುತ್ತಾಳೆ. ನನಗೆ ಈ ಕೆಲಸದಲ್ಲಿ 19 ವರ್ಷ ಆಯಿತು. ಉಸುಕು ಕಂಡರೆ ಅಳುವ ಮಕ್ಕಳು ಪ್ರತಿ ವರ್ಷ ಒಂದೆರಡು ಬರುತ್ತವೆ. ಮೊದಲ ದಿನ ದೂರ ನಿಂತು ನೋಡುತ್ತವೆ. ಎರಡನೇ ದಿನ ಒಂದು ಬೆರಳು ಹಚ್ಚುತ್ತವೆ. ಆಮೇಲೆ "ಒಳಗ ನಡೀ" ಅಂದರೂ ಬರುವುದಿಲ್ಲ. ಒತ್ತಾಯ ಮಾಡಬೇಡ. ನೀನೇ ಚಪ್ಪಲಿ ಬಿಚ್ಚಿ ಅವಳ ಮುಂದೆ ಕೂತು ಉಸುಕಿನಲ್ಲಿ ಗುಬ್ಬಿ ಗೂಡು ಕಟ್ಟು. ಅವಳು ತಾನಾಗಿ ಬರುತ್ತಾಳೆ.

ನಮ್ಮ ಕೇಂದ್ರದ ಹೆಸರಲ್ಲೇ ಅಂಗಳ ಇದೆ, ನೋಡು. 1975ರ ಅಕ್ಟೋಬರ್ 2ರಂದು ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ) ಯೋಜನೆ ಶುರುವಾದಾಗಿನಿಂದ ಊರೂರಿನ ಮಕ್ಕಳು ಅಂಗನವಾಡಿ ಅಂತಲೇ ಕರೆಯುತ್ತಾರೆ. ಅಂಗಳ ಬಿಟ್ಟು ಬರೀ ಕೋಣೆ ಉಳಿದರೆ ಆ ಹೆಸರಿಗೆ ಅರ್ಥ ಇರುವುದಿಲ್ಲ.

ನಮ್ಮಲ್ಲಿ ದಿನಾ ಬೆಳಿಗ್ಗೆ ಪ್ರಾರ್ಥನೆ ಆದ ತಕ್ಷಣ ಬೇವಿನ ಮರದ ಕೆಳಗೆ ಕೂರುತ್ತೇವೆ. ಮಕ್ಕಳು ಎಲೆ ಆರಿಸುತ್ತಾರೆ, ಹರಳು ಆರಿಸುತ್ತಾರೆ, ದೊಡ್ಡದು ಒಂದು ಕಡೆ, ಸಣ್ಣದು ಒಂದು ಕಡೆ. ನನಗೆ ಅದೇ ಲೆಕ್ಕದ ಪಾಠ. ಎರಡು ವರ್ಷದ ಹಿಂದೆ ಒಬ್ಬ ಹುಡುಗ ಬರುತ್ತಿದ್ದ. ನಾಲ್ಕು ತಿಂಗಳು ನಮ್ಮ ಮುಂದೆ ಬಾಯಿ ಬಿಟ್ಟಿರಲಿಲ್ಲ. ಒಳಗೆ ಚಾರ್ಟ್ ತೋರಿಸಿದರೆ ತಲೆ ತಗ್ಗಿಸುತ್ತಿದ್ದ. ಒಂದು ದಿನ ಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದವನು ನನ್ನ ಸೆರಗು ಜಗ್ಗಿ "ಟೀಚರ್, ಇರವಿ" ಅಂದ. ಇರುವೆ ಸಾಲು ಒಂದು ಸತ್ತ ಜೀರುಂಡೆಯನ್ನು ಎಳೆದುಕೊಂಡು ಹೋಗುತ್ತಿತ್ತು. ಅವತ್ತಿನಿಂದ ಅವನ ಮಾತು ನಿಲ್ಲಲಿಲ್ಲ. ಅವನಿಗೆ ಮಾತು ಬರುತ್ತಿತ್ತು. ಹೇಳಬೇಕು ಅನ್ನಿಸುವಂಥದ್ದು ಕೋಣೆಯೊಳಗೆ ಏನೂ ಇರಲಿಲ್ಲ ಅಷ್ಟೇ.

ಕೇಳಲಿಕ್ಕೆ ಹೆದರಬೇಡ. ಧೈರ್ಯವಾಗಿ ಕೇಳು.

ಸೋಲಾಪುರ ರಸ್ತೆಯ ಅಪ್ಪ
ಸೋಮವಾರ ಬೆಳಿಗ್ಗೆ 7:15

ಮೇಡಂ, ನಿಮ್ಮ ಬೇಸರ ಅರ್ಥ ಆಗುತ್ತದೆ. ಆದರೆ ನನಗೆ ಬೇರೆ ಅನ್ನಿಸುತ್ತದೆ, ಅದನ್ನು ಹೇಳದೆ ಇರಲಾರೆ.

ನಮ್ಮೂರಿನ ಬಿಸಿಲು ನಿಮಗೆ ಗೊತ್ತು. ಏಪ್ರಿಲ್ ಬಂದರೆ 40 ಡಿಗ್ರಿ ದಾಟುತ್ತದೆ. ಸರ್ಕಾರಿ ಕಚೇರಿಗಳೇ ಬೇಸಿಗೆಯಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ಕ್ಕೆ ಸಮಯ ಬದಲಿಸುತ್ತವೆ. ದೊಡ್ಡವರಿಗೇ ಆಗದ ಬಿಸಿಲಲ್ಲಿ ಮೂರು ವರ್ಷದ ಮಕ್ಕಳನ್ನು ಬಿಡುವುದು ಹೇಗೆ? ಧೂಳು ಬೇರೆ. ಬೀದಿ ನಾಯಿ ಬೇರೆ. ಕಳೆದ ವರ್ಷ ನಮ್ಮ ಓಣಿಯಲ್ಲೇ ಒಂದು ಮಗುವಿಗೆ ನಾಯಿ ಕಚ್ಚಿ ಐದು ಇಂಜೆಕ್ಷನ್ ಆಯಿತು.

ಇನ್ನೊಂದು ಮಾತು. ನಾವು ದುಡ್ಡು ಕೊಡುವುದು ಮಗ ನಾಲ್ಕು ಅಕ್ಷರ ಕಲಿಯಲಿ ಅಂತ. ಮುಂದಿನ ವರ್ಷ ಎಲ್‌ಕೆಜಿಗೆ ಸೇರಿಸಬೇಕು. ಮಣ್ಣಲ್ಲಿ ಆಡಿಸಲು ನಮ್ಮ ತಾಯಿಯೇ ಮನೆಯಲ್ಲಿದ್ದಾರೆ.

ಕಣ್ಣಿನ ತಪಾಸಣೆ (ಬೆಳಗಾವಿ)
ಸೋಮವಾರ ಮಧ್ಯಾಹ್ನ 1:20

ನಾನು ಬೆಳಗಾವಿಯಲ್ಲಿ ಆಪ್ಟೋಮೆಟ್ರಿಸ್ಟ್, ತವರು ವಿಜಯಪುರ. ಇಲ್ಲಿ ಕಣ್ಣಿನ ಮಾತು ಯಾರೂ ಎತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ದೂರದ್ದು ಮಸುಕಾಗಿ ಕಾಣುವ ದೋಷಕ್ಕೆ ಸಮೀಪದೃಷ್ಟಿ ಅನ್ನುತ್ತೇವೆ, ಮೈನಸ್ ನಂಬರ್ ಕನ್ನಡಕ ಬೇಕಾಗುತ್ತದೆ. ಅದಕ್ಕೆ ಮುಖ್ಯ ಕಾರಣ ಕಣ್ಣುಗುಡ್ಡೆ ಬೇಕಾದ್ದಕ್ಕಿಂತ ಉದ್ದ ಬೆಳೆಯುವುದು. ಹೊರಗಿನ ಬೆಳಕು ಕಣ್ಣಿಗೆ ಬಿದ್ದಾಗ ಕಣ್ಣಿನ ಹಿಂಭಾಗದ ಪರದೆಯಲ್ಲಿ (ಅಕ್ಷಿಪಟಲ) ಡೋಪಮೈನ್ ಅನ್ನುವ ರಾಸಾಯನಿಕ ಬಿಡುಗಡೆ ಆಗುತ್ತದೆ. ಅದು ಈ ಉದ್ದ ಬೆಳವಣಿಗೆಗೆ ತಡೆ ಹಾಕುತ್ತದೆ ಅಂತ ಸಂಶೋಧಕರು ಹೇಳುತ್ತಾರೆ. ಕೋಣೆಯ ಬೆಳಕಿಗೂ ಹೊರಗಿನ ಬೆಳಕಿಗೂ ಇರುವ ಅಂತರ ನಮ್ಮ ಕಣ್ಣಿಗೆ ತಿಳಿಯುವುದಿಲ್ಲ. ಟ್ಯೂಬ್‌ಲೈಟ್ ಹಾಕಿದ ಕೋಣೆಯಲ್ಲಿ 300ರಿಂದ 500 ಲಕ್ಸ್ (ಬೆಳಕು ಅಳೆಯುವ ಮಾಪಕ) ಇರುತ್ತದೆ. ಬಯಲಿನ ಹಗಲಲ್ಲಿ 10,000 ಲಕ್ಸ್ ದಾಟುವುದು ಮಾಮೂಲಿ. ಮರದ ನೆರಳಲ್ಲೂ ಕೋಣೆಗಿಂತ ಎಷ್ಟೋ ಪಟ್ಟು ಜಾಸ್ತಿ.

ಚೀನಾದ ಗುವಾಂಗ್‌ಝೌ ನಗರದಲ್ಲಿ ಒಂದನೇ ತರಗತಿ ಮಕ್ಕಳ ಮೇಲೆ ಮೂರು ವರ್ಷ ಪ್ರಯೋಗ ಮಾಡಿದರು, ಫಲಿತಾಂಶ 2015ರಲ್ಲಿ ಬಂತು. ಕೆಲವು ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೊರಗಿನ ಚಟುವಟಿಕೆ ಹೆಚ್ಚಿಸಿದರು. ಉಳಿದವು ಹಿಂದಿನಂತೆಯೇ ನಡೆದವು. ಹಿಂದಿನಂತೆ ನಡೆದ ಶಾಲೆಗಳಲ್ಲಿ 39.5 ಶೇಕಡಾ ಮಕ್ಕಳಿಗೆ ಹೊಸದಾಗಿ ಸಮೀಪದೃಷ್ಟಿ ಬಂತು. ಹೊರಗೆ ಹೆಚ್ಚು ಇದ್ದವರಲ್ಲಿ 30.4 ಶೇಕಡಾ. ತೈವಾನ್‌ನಲ್ಲಿ 2010ರಿಂದಲೇ ಶಾಲಾ ಮಕ್ಕಳು ದಿನಕ್ಕೆ 120 ನಿಮಿಷ ಹೊರಗಿರಲಿ ಅಂತ ಕಾರ್ಯಕ್ರಮ ನಡೆಸುತ್ತಿದ್ದಾರೆ.

ಸೋಲಾಪುರ ರಸ್ತೆಯ ಅಣ್ಣಾ, ನೀವು ಹೇಳಿದ ಬಿಸಿಲಿನ ಮಾತು ನಿಜ. ಆದರೆ ಕಣ್ಣಿಗೆ ಬೇಕಾದದ್ದು ಬೆಳಕು, ಬಿಸಿಲಿನ ಝಳ ಅಲ್ಲ. ಬೆಳಿಗ್ಗೆ 8:30ಕ್ಕೆ ಮರದ ಕೆಳಗೆ ಅದು ಧಾರಾಳವಾಗಿ ಸಿಗುತ್ತದೆ. ಸೂರ್ಯನನ್ನು ನೇರ ನೋಡಬಾರದು ಅಂತ ಮಾತ್ರ ಮಕ್ಕಳಿಗೆ ಹೇಳಿಕೊಡಿ. ಮೈನಸ್ ನಂಬರ್ ಈಗಾಗಲೇ ಬಂದಿದ್ದರೆ ಹೊರಗೆ ಆಡಿದರೆ ಹೋಗುವುದಿಲ್ಲ. ಕನ್ನಡಕ ಹಾಕಿಸಲೇಬೇಕು.

ಇಂಡಿಯ ಆಯಿ (ಮೊಮ್ಮಗಳು ಬರೆದುಕೊಟ್ಟದ್ದು)
ಸೋಮವಾರ ಸಂಜೆ 6:40

ಆಯಿ ಹೇಳಿದ್ದನ್ನು ಹಾಗೆಯೇ ಬರೆಯುತ್ತಿದ್ದೇನೆ.

"ನನ್ನ ನಾಲ್ಕು ಮಕ್ಕಳೂ ಹೊಲದಲ್ಲೇ ಬೆಳೆದವು. ಬನ್ನಿ ಮರಕ್ಕೆ ಸೀರೆ ಕಟ್ಟಿ ಜೋಲಿ ಮಾಡುತ್ತಿದ್ದೆ. ಕಳೆ ತೆಗೆಯುತ್ತಾ ಸಾಲು ಮುಗಿದ ಕೂಡಲೇ ಬಂದು ಹಾಲು ಕುಡಿಸುತ್ತಿದ್ದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಮೂರು ವರ್ಷದ ಕೂಸೂ ತನ್ನ ಎತ್ತು ತಾನೇ ಮಾಡುತ್ತಿತ್ತು. ಕೋಡು ಮುರಿದರೆ ಮತ್ತೆ ಅಂಟಿಸುತ್ತಿತ್ತು. ಆಷಾಢದಲ್ಲಿ ಗುಳ್ಳವ್ವ, ಪಂಚಮಿಗೆ ಜೋಕಾಲಿ. ಹೊರಗೆ ಆಡಿ ಅಂತ ಯಾರೂ ಹೇಳಬೇಕಾಗಿರಲಿಲ್ಲ.

"ಆದರೆ ಎಲ್ಲಾ ಚಂದ ಇತ್ತು ಅಂತ ಹೇಳುವುದಿಲ್ಲ. ನಮ್ಮ ಎರಡನೆಯವನಿಗೆ ಚೇಳು ಕಡಿದು ರಾತ್ರಿಯೆಲ್ಲ ಜೀವ ಕೈಯಲ್ಲಿ ಹಿಡಿದು ಕೂತಿದ್ದೆವು. ಪಕ್ಕದ ಹೊಲದವರ ಕೂಸು ಬಾವಿಗೆ ಬಿತ್ತು, ಉಳಿಯಲಿಲ್ಲ. ಹೊರಗೆ ಬಿಡಿರಿ, ಆದರೆ ಕಣ್ಣು ಮಕ್ಕಳ ಮೇಲೇ ಇರಲಿ. ನಮಗೆ ಕೆಲಸ ಇತ್ತು, ಕಣ್ಣಿಡಲು ಆಗಲಿಲ್ಲ. ನಿಮಗೆ ಆಗುತ್ತದೆ."

ಇಷ್ಟು ಹೇಳಿ ಆಯಿ ಸುಮ್ಮನಾದಳು. ಬಾವಿಯ ಮಾತು ನಾನೂ ಇವತ್ತೇ ಮೊದಲ ಸಲ ಕೇಳಿದ್ದು.

ಡೇಕೇರ್ ನಡೆಸುವವಳು
ಸೋಮವಾರ ರಾತ್ರಿ 11:05

ಎರಡು ಸಲ ಬರೆದು ಅಳಿಸಿದೆ. ಈಗ ಹೇಳಿಬಿಡುತ್ತೇನೆ. ಜಲನಗರದ ಅಕ್ಕಾ, ನಿಮ್ಮ ಮಗಳು ನನ್ನಲ್ಲಿ ಬರುತ್ತಿಲ್ಲ. ಆದರೆ ನನ್ನ ಬಾಗಿಲಿಗೂ ಬೀಗ ಇದೆ.

ಆರು ವರ್ಷದ ಹಿಂದೆ ಶುರು ಮಾಡಿದಾಗ ಬೀಗ ಇರಲಿಲ್ಲ. ದಿನಾ ಬೆಳಿಗ್ಗೆ, ಸಂಜೆ ಮಕ್ಕಳು ಹೊರಗೆ ಇರುತ್ತಿದ್ದರು. ಒಂದು ದಿನ ಒಬ್ಬ ಹುಡುಗ ಮೆಟ್ಟಿಲಿಂದ ಜಿಗಿದು ಬಿದ್ದ. ಹುಬ್ಬಿನ ಮೇಲೆ ಎರಡು ಹೊಲಿಗೆ ಬಿತ್ತು. ಆಸ್ಪತ್ರೆಗೆ ನಾನೇ ಎತ್ತಿಕೊಂಡು ಓಡಿದೆ. ಸಂಜೆ ಅವನ ಮನೆಯವರು ಓಣಿಯ ಎಲ್ಲರ ಮುಂದೆ ಬೈದರು. ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಹಾಕಿದರು. ಆ ತಿಂಗಳು ನಾಲ್ಕು ಮಕ್ಕಳು ಬಿಟ್ಟು ಹೋದವು. ಬಾಡಿಗೆ ಕಟ್ಟಲು ಬಂಗಾರದ ಬಳೆ ಅಡ ಇಟ್ಟೆ. ಮರುದಿನ ಬೀಗ ತಂದೆ.

ಆಮೇಲೆ ಯಾರೂ ಬೈಯಲಿಲ್ಲ. ಮಕ್ಕಳ ಬಟ್ಟೆ ಬೆಳಿಗ್ಗೆ ಹೇಗಿತ್ತೋ ಸಂಜೆಯೂ ಹಾಗೇ ಇರುತ್ತದೆ. ಅಪ್ಪ-ಅಮ್ಮಂದಿರು ಖುಷಿಯಾಗಿದ್ದಾರೆ. ನನಗೆ ಖುಷಿ ಇಲ್ಲ. ನಾಲ್ಕು ಗಂಟೆ ಹೊತ್ತಿಗೆ ಮಕ್ಕಳು ಒಬ್ಬರನ್ನೊಬ್ಬರು ಕಚ್ಚುತ್ತಾರೆ, ಕೂದಲು ಎಳೆಯುತ್ತಾರೆ. ಮೈಯಲ್ಲಿ ಉಳಿದ ಶಕ್ತಿಗೆ ದಾರಿ ಬೇಕಲ್ವಾ? ನನಗೆ ಎಲ್ಲಾ ಗೊತ್ತಿದೆ.

ನನ್ನಲ್ಲಿ 18 ಮಕ್ಕಳು, ನಾನು, ಇಬ್ಬರು ಆಯಾ. ಒಬ್ಬಳು ಅಡುಗೆಗೆ ನಿಂತರೆ ಇಬ್ಬರೇ ಉಳಿಯುತ್ತೇವೆ. ಒಂದು ಮಗು ಮೂತ್ರಕ್ಕೆ ಹೋಗಬೇಕು ಅಂದರೆ ಒಬ್ಬಳು ಹೋಗುತ್ತಾಳೆ. ಉಳಿದ 17ಕ್ಕೆ ಒಬ್ಬಳೇ. ಹೊರಗೆ ಬಿಡಿ ಅನ್ನುವುದು ಸುಲಭ. ಬಿಟ್ಟ ಮೇಲೆ ಮೊಣಕಾಲು ತರಚುತ್ತದೆ, ಅಂಗಿ ಕೆಂಪಗಾಗುತ್ತದೆ. ಆಗ ನೀವು ನನ್ನ ಜೊತೆ ನಿಲ್ಲುತ್ತೀರಾ? ಅದನ್ನು ಯಾರಾದರೂ ಬಾಯಿ ಬಿಟ್ಟು ಹೇಳಿದರೆ ನಾಳೆಯೇ ಬೀಗ ತೆಗೆಯುತ್ತೇನೆ.

ಜಲನಗರದ ಅಮ್ಮ
ಸೋಮವಾರ ರಾತ್ರಿ 11:40

ಅಕ್ಕಾ, ಇದನ್ನು ಓದಿ ನಾನು ಕಲಿತದ್ದು ಬಹಳ. ಕಳೆದ ವರ್ಷ ಮಗಳ ಮೊಣಕೈ ತರಚಿದಾಗ "ಹೆಂಗ ನೋಡ್ಕೋತೀರಿ ನೀವು?" ಅಂತ ನಾನೂ ಡೇಕೇರ್‌ನವರನ್ನು ಕೇಳಿದ್ದೆ. ನಮ್ಮಲ್ಲಿಯ ಬೀಗದಲ್ಲಿ ನನ್ನ ಆ ಮಾತೂ ಇದೆ ಅಂತ ಈಗ ಅನ್ನಿಸುತ್ತಿದೆ. ನಾಳೆ ಹೋಗಿ ಮೊದಲು ಕ್ಷಮೆ ಕೇಳುತ್ತೇನೆ. ಆಮೇಲೆ ಅಂಗಳದ ಮಾತು.

ಮಕ್ಕಳ ವಾರ್ಡಿನ ನರ್ಸ್
ಮಂಗಳವಾರ ಮಧ್ಯಾಹ್ನ 3:10

ಡ್ಯೂಟಿ ಮುಗಿಸಿ ಬರೆಯುತ್ತಿದ್ದೇನೆ. ಆರೋಗ್ಯದ ಬಗ್ಗೆ ಕೆಲವು ಮಾತು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಒಂದು ಮಾರ್ಗಸೂಚಿ ಕೊಟ್ಟಿದೆ. ಒಂದರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸಬೇಕು. ಮೂರು, ನಾಲ್ಕು ವರ್ಷದವರಾದರೆ ಅದರಲ್ಲಿ 60 ನಿಮಿಷ ಏದುಸಿರು ಬರುವಂಥ ಆಟ. ಒಂದೇ ಕಡೆ ಕಟ್ಟಿಹಾಕಿದ ಹಾಗೆ ಒಂದು ಗಂಟೆಗಿಂತ ಜಾಸ್ತಿ ಕೂರಿಸಬಾರದು. ಟಿವಿ, ಮೊಬೈಲ್ ಎರಡು ವರ್ಷದೊಳಗೆ ಬೇಡವೇ ಬೇಡ, ಆಮೇಲೆ ದಿನಕ್ಕೆ ಒಂದು ಗಂಟೆಯೊಳಗೆ. ಈಗ ನೀವೇ ಲೆಕ್ಕ ಹಾಕಿ. ಮಗು ಎಂಟೂವರೆ ಗಂಟೆ ಡೇಕೇರ್‌ನಲ್ಲಿ ಇರುತ್ತದೆ. ಆ 180 ನಿಮಿಷ ಅಲ್ಲಿ ಸಿಗದೆ ಇದ್ದರೆ ಮನೆಯಲ್ಲಿ ಯಾವಾಗ ಸಿಗುತ್ತದೆ?

ವಿಟಮಿನ್ ಡಿ ವಿಷಯದಲ್ಲಿ ತಪ್ಪು ತಿಳಿವಳಿಕೆ ಇದೆ. "ನಮ್ಮ ಡೇಕೇರ್ ಕಿಟಕಿಯಿಂದ ಬಿಸಿಲು ಬರುತ್ತದೆ" ಅನ್ನುತ್ತಾರೆ. ವಿಟಮಿನ್ ಡಿ ಮಾಡುವ ಯುವಿಬಿ ಕಿರಣವನ್ನು ಗಾಜು ತಡೆಯುತ್ತದೆ. ಚರ್ಮದ ಮೇಲೆ ನೇರ ಬೀಳಬೇಕು. ಬಿಸಿಲಿನ ಊರಲ್ಲೇ ಇದ್ದೂ ಕೊರತೆ ಇರುವ ಮಕ್ಕಳನ್ನು ನಾನು ನೋಡಿದ್ದೇನೆ. ಮಕ್ಕಳು ಒಳಗೇ ಇದ್ದರೆ ಊರಿನ ಬಿಸಿಲು ಅವರಿಗೆ ಸಿಗುವುದಿಲ್ಲ. ಕೊರತೆ ಜಾಸ್ತಿಯಾದರೆ ಮೂಳೆ ಮೆತ್ತಗಾಗಿ ಕಾಲು ಬಾಗುತ್ತದೆ, ಅದೇ ರಿಕೆಟ್ಸ್. ತೀರಾ ಎಳೆ ಬಿಸಿಲಲ್ಲಿ ಆ ಕಿರಣ ಕಡಿಮೆ. ಈಗ ಚಳಿ ಪೂರ್ತಿ ಹೋಗಿಲ್ಲ, 10 ಗಂಟೆ ಸುಮಾರಿಗೆ ಸ್ವಲ್ಪ ಹೊತ್ತು ಬಿಡಬಹುದು. ಏಪ್ರಿಲ್, ಮೇ ತಿಂಗಳಲ್ಲಿ ಆ ಆಸೆಗೆ ಬಿಸಿಲಲ್ಲಿ ನಿಲ್ಲಿಸಬೇಡಿ. ಒಂದು ವರ್ಷದೊಳಗಿನ ಕೂಸುಗಳಿಗೆ ದಿನಕ್ಕೆ 400 ಐಯು (ವಿಟಮಿನ್ ಅಳೆಯುವ ಮಾಪಕ) ವಿಟಮಿನ್ ಡಿ ಸಿಗುವಷ್ಟು ಹನಿ ಡಾಕ್ಟರು ಬರೆದುಕೊಡುತ್ತಾರೆ, ಅದನ್ನು ತಪ್ಪಿಸಬೇಡಿ.

ಮಣ್ಣಲ್ಲಿ ಆಡಿದರೆ ಜಂತುಹುಳು ಅಂತ ಹೆದರುತ್ತಾರೆ. ಹೆದರಿಕೆಗೆ ಕಾರಣ ಇದೆ, ಉಪಾಯವೂ ಇದೆ. ಆಟ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಸಿ, ಉಗುರು ಕತ್ತರಿಸಿ. ಜನ ಬಯಲಿಗೆ ಹೋಗುವ ಜಾಗದಲ್ಲಿ ಬರಿಗಾಲು ಬೇಡವೇ ಬೇಡ. ಫೆಬ್ರವರಿ 10 ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ. ಅಂಗನವಾಡಿಯಲ್ಲಿ ಅಲ್ಬೆಂಡಜೋಲ್ ಮಾತ್ರೆ ಪುಕ್ಕಟೆ ಕೊಡುತ್ತಾರೆ. ಒಂದರಿಂದ ಎರಡು ವರ್ಷದವರಿಗೆ ಅರ್ಧ, ಎರಡು ದಾಟಿದವರಿಗೆ ಪೂರ್ತಿ. ಡೇಕೇರ್ ಮಕ್ಕಳನ್ನೂ ಕರೆದುಕೊಂಡು ಹೋಗಿ.

ಚಿಕ್ಕ ಮಕ್ಕಳಿಗೆ ಬಾಯಾರಿಕೆ ಹೇಳಲು ಬರುವುದಿಲ್ಲ. ಕೇಳುವವರೆಗೆ ಕಾಯಬೇಡಿ, 15-20 ನಿಮಿಷಕ್ಕೊಮ್ಮೆ ನಾಲ್ಕು ಗುಟುಕು ನೀರು ಕುಡಿಸಿ. ಮುಖ ಕೆಂಪೇರಿ ಮಗು ಮಂಕಾದರೆ ತಕ್ಷಣ ನೆರಳಿಗೆ ತಂದು ಮೈ ಒದ್ದೆ ಬಟ್ಟೆಯಿಂದ ಒರೆಸಿ. ವಾಂತಿ, ತೂಕಡಿಕೆ ಕಂಡರೆ ಆಸ್ಪತ್ರೆಗೆ ಓಡಿ.

ಕೂಸಿನ ಮನೆ (ಸಿಂದಗಿ ತಾಲ್ಲೂಕು)
ಮಂಗಳವಾರ ಸಂಜೆ 5:55

ನಾನು ನಮ್ಮ ಪಂಚಾಯಿತಿಯ ಕೂಸಿನ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತೇನೆ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳು ಬರುತ್ತಾರೆ, ಎಲ್ಲಾ ಮೂರು ವರ್ಷದೊಳಗಿನವರು. ಇಷ್ಟು ಚಿಕ್ಕವರಿಗೆ ಹೊರಗೆ ಏನು ಕೆಲಸ ಅಂತ ಕೇಳುವವರಿಗೆ ಹೇಳುತ್ತೇನೆ. ಒಂಬತ್ತು ತಿಂಗಳ ಕೂಸನ್ನು ಬೇವಿನ ಕೆಳಗೆ ಚಾಪೆ ಮೇಲೆ ಬೋರಲು ಹಾಕಿ ನೋಡಿ. ಎಲೆ ಅಲುಗಾಡುವುದನ್ನೇ ಕತ್ತೆತ್ತಿ ನೋಡುತ್ತದೆ. ಒಳಗೆ ಎರಡು ನಿಮಿಷಕ್ಕೆ ಅಳುವ ಕೂಸು ಹೊರಗೆ ಹತ್ತು ನಿಮಿಷ ಹಾಗೇ ಇರುತ್ತದೆ. ಮಧ್ಯಾಹ್ನದ ನಿದ್ದೆಯೂ ಗಟ್ಟಿಯಾಗುತ್ತದೆ. ನೀರು ತುಂಬಿದ ಬಕೆಟ್ ಮಾತ್ರ ಅಂಗಳದಲ್ಲಿ ಇಡಬೇಡಿ. ಅರ್ಧ ಬಕೆಟ್ ನೀರೂ ಕೂಸಿಗೆ ಬಾವಿಯೇ.

ನವನಗರದ ಸಸಿಗಾರ (ಬಾಗಲಕೋಟೆ)
ಮಂಗಳವಾರ ರಾತ್ರಿ 8:30

ನಾನು ಸಸಿ ಮಾರುವವನು, ಗಿಡದ ಮಾತು ಹೇಳುತ್ತೇನೆ.

ಮಕ್ಕಳ ಅಂಗಳದಲ್ಲಿ ಕಣಗಿಲು ಬೇಡ. ಹೂವು ಚಂದ, ನೀರು ಇಲ್ಲದಿದ್ದರೂ ಬದುಕುತ್ತದೆ ಅಂತ ನಮ್ಮ ಕಡೆ ಎಲ್ಲಾ ಕಾಂಪೌಂಡಿನಲ್ಲೂ ಹಚ್ಚುತ್ತಾರೆ. ಅದರ ಎಲೆ, ಹೂ, ಕಾಂಡ ಎಲ್ಲಾ ವಿಷ. ಔಡಲದ ಬೀಜ, ದತ್ತೂರಿ ಕಾಯಿ, ಗುಲಗಂಜಿ ಕೂಡ ಹಾಗೆಯೇ. ಮೂರು ವರ್ಷದ ಮಕ್ಕಳು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾರೆ. ಕಾಂಗ್ರೆಸ್ ಕಸ ಬೆಳೆದಿದ್ದರೆ ಹೂ ಬಿಡುವ ಮೊದಲೇ ಬೇರು ಸಮೇತ ಕೀಳಿ, ಕೈಗೆ ಚೀಲ ಕಟ್ಟಿಕೊಂಡು ಕೀಳಿ. ಅದರಿಂದ ತುರಿಕೆ, ಉಬ್ಬಸ ಬರುತ್ತದೆ. ಹೊಂಗೆ, ಬೇವು ನೆರಳಿಗೆ ಒಳ್ಳೆಯವು. ತುಳಸಿ, ಪುದೀನ, ಮೆಂತ್ಯ ಹಚ್ಚಿದರೆ ಮಕ್ಕಳೇ ಕಿತ್ತು ಮೂಸಿ ನೋಡಬಹುದು. ಮೆಂತ್ಯ ಬಿತ್ತಿದ ವಾರದೊಳಗೆ ಮೊಳಕೆ ಬರುತ್ತದೆ. ಮಕ್ಕಳಿಗೆ ಅಷ್ಟು ಬೇಗ ಫಲ ಕಾಣಬೇಕು.

ಫಿನ್ಲೆಂಡ್ ದೇಶದ ಒಂದು ಸಂಗತಿ ನನ್ನ ಕೆಲಸಕ್ಕೆ ಹತ್ತಿರ ಅಂತ ನೆನಪಿಟ್ಟುಕೊಂಡಿದ್ದೇನೆ. ಅಲ್ಲಿ ಕೆಲವು ಡೇಕೇರ್‌ಗಳ ಜಲ್ಲಿ ಅಂಗಳಕ್ಕೆ ಕಾಡಿನ ಮಣ್ಣು, ಹುಲ್ಲಿನ ಹಾಸು ತಂದು ಹಾಕಿದರು. ಮೂರರಿಂದ ಐದು ವರ್ಷದ ಮಕ್ಕಳು 28 ದಿನ ಅದರಲ್ಲಿ ಆಡಿದರು. ಮಕ್ಕಳ ಚರ್ಮದ ಮೇಲಿನ ಒಳ್ಳೆಯ ಸೂಕ್ಷ್ಮಜೀವಿಗಳ ಬಗೆ ಹೆಚ್ಚಾಯಿತು. ರಕ್ತದಲ್ಲಿ ರೋಗನಿರೋಧಕ ವ್ಯವಸ್ಥೆಯನ್ನು ಹದದಲ್ಲಿಡುವ ಗುರುತುಗಳೂ ಕಂಡವು. 2020ರಲ್ಲಿ ಇದು ಪ್ರಕಟವಾಯಿತು. ಅವರ ಕಾಡಿನ ಮಣ್ಣು ನಮಗೆ ಬೇಕಿಲ್ಲ. ನಮ್ಮ ಬೇವಿನ ಬುಡದ ಮಣ್ಣು ಸಾಕು. ಆದರೆ ಎರೆ ಮಣ್ಣು ಒಂದನ್ನೇ ಆಟಕ್ಕೆ ನಂಬಬೇಡಿ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಾಗುತ್ತದೆ, ಮಳೆ ಬಂದರೆ ಕಾಲಿಗೆ ಮಣಗಟ್ಟಲೆ ಅಂಟುತ್ತದೆ. ಮೇಲೆ ಉಸುಕು ಹಾಕಿಸಿ.

ನಮ್ಮ ನವನಗರ ಆಲಮಟ್ಟಿ ಹಿನ್ನೀರಿನಿಂದ ಮನೆ ಕಳೆದುಕೊಂಡವರಿಗೆ ಕಟ್ಟಿದ ಊರು, ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಯೋಜನೆ. ಸೆಕ್ಟರ್‌ಗಳ ನಡುವೆ ಬಯಲು ಬಿಟ್ಟಿದ್ದಾರೆ. ಅಂಗಳ ಇಲ್ಲದ ಡೇಕೇರ್‌ನವರು ಇಂಥ ಬಯಲನ್ನು ಬಳಸಿಕೊಳ್ಳಬಹುದಲ್ಲವೇ?

ಬೇವಿನ ನೆರಳು
ಮಂಗಳವಾರ ರಾತ್ರಿ 9:45

ಸೋಲಾಪುರ ರಸ್ತೆಯ ತಮ್ಮಾ, ನಿನ್ನ ಮಾತಿಗೆ ಉತ್ತರ ಕೊಡದೆ ಮಲಗಲು ಮನಸ್ಸು ಬರಲಿಲ್ಲ. ಬಿಸಿಲಿಗೆ ಕಚೇರಿಯ ಸಮಯ ಬದಲಾಗುತ್ತದೆ ಅಂತ ನೀನೇ ಬರೆದೆ. ಕಚೇರಿ ಮುಚ್ಚುವುದಿಲ್ಲ ತಾನೇ? ಬೇಸಿಗೆಯಲ್ಲಿ ಮಕ್ಕಳ ಆಟವೂ ಬೇಗ ಶುರುವಾಗಿ ಬೇಗ ಮುಗಿಯಲಿ. 9:30ರ ನಂತರ ನಾನು ಯಾರನ್ನೂ ಹೊರಗೆ ಬಿಡುವುದಿಲ್ಲ. ತಗಡಿನ ಜಾರುಬಂಡಿ ಇದ್ದರೆ ಮೊದಲು ನನ್ನ ಅಂಗೈ ಇಟ್ಟು ನೋಡುತ್ತೇನೆ. ಬೆಳಿಗ್ಗೆ ಬಿಸಿಲಿಗೂ ಅದು ಸುಡುತ್ತದೆ.

ಇನ್ನು ಅಕ್ಷರ. ಬರೆಯಲು ಬೆರಳೊಂದೇ ಸಾಲದು. ಭುಜ ಗಟ್ಟಿ ಇರಬೇಕು, ಮಣಿಕಟ್ಟು ತಿರುಗಬೇಕು. ಉಸುಕು ತುಂಬಿದ ಸಣ್ಣ ಬುಟ್ಟಿ ಎತ್ತಿದ ಮಗು, ಟೊಂಗೆಗೆ ಜೋತುಬಿದ್ದ ಮಗು, ಮಣ್ಣು ನಾದಿದ ಮಗು ಪೆನ್ಸಿಲ್ ಹಿಡಿದರೆ ಕೈ ನಡುಗುವುದಿಲ್ಲ. ಮೂರು ವರ್ಷಕ್ಕೇ ಗೆರೆಯೊಳಗೆ ಅ ಆ ತಿದ್ದಿಸಿದ ಮಕ್ಕಳನ್ನೂ ನೋಡಿದ್ದೇನೆ. ಪೆನ್ಸಿಲ್ ಮುರಿಯುವಷ್ಟು ಒತ್ತುತ್ತಾರೆ, ಎರಡು ಸಾಲಿಗೆ ಕೈ ನೋವು ಅನ್ನುತ್ತಾರೆ. ಅಂಗಳ ಅಕ್ಷರದ ಹೊತ್ತನ್ನು ಕದಿಯುವುದಿಲ್ಲಪ್ಪಾ. ಅಲ್ಲಿಂದಲೇ ಅಕ್ಷರ ಶುರುವಾಗುತ್ತದೆ.

ಡೇಕೇರ್ ನಡೆಸುವ ತಂಗಿಗೆ ಒಂದು ಮಾತು. 18 ಮಕ್ಕಳನ್ನೂ ಒಟ್ಟಿಗೆ ಬಿಡಬೇಡ. ಒಂಬತ್ತು ಹೊರಗೆ, ಒಂಬತ್ತು ಒಳಗೆ. ಅರ್ಧ ಗಂಟೆಗೆ ಅದಲು ಬದಲು. ಅಡುಗೆ ಶುರುವಾಗುವ ಮೊದಲೇ ಇದು ಮುಗಿಯಲಿ. ಆಗ ಮೂವರೂ ಕೈಗೆ ಸಿಗುತ್ತೀರಿ.

ಆಶ್ರಮ ರಸ್ತೆಯ ತಾಯಿ
ಬುಧವಾರ ಬೆಳಿಗ್ಗೆ 10:00

ನನ್ನ ಮಗನಿಗೆ ಹುಟ್ಟುವಾಗಲೇ ಪಾದ ಒಳಕ್ಕೆ ತಿರುಗಿತ್ತು. ಪ್ಲಾಸ್ಟರ್, ಬೂಟು ಎಲ್ಲಾ ಆಗಿ ಈಗ ನಡೆಯುತ್ತಾನೆ. ಸಮ ಇಲ್ಲದ ನೆಲದಲ್ಲಿ ನಡೆಸಿ, ಉಸುಕು, ಹುಲ್ಲು, ಸಣ್ಣ ಏರು ಎಲ್ಲಾ ಇರಲಿ ಅಂತ ಫಿಸಿಯೋಥೆರಪಿಸ್ಟ್ ಹೇಳಿದ್ದಾರೆ. ಟೈಲ್ಸ್ ಮೇಲೆ ಕಾಲಿಗೆ ಹೊಸದೇನೂ ಕಲಿಯಲು ಸಿಗುವುದಿಲ್ಲವಂತೆ. ಹೊರಗೆ ಬಿಡುವಾಗ "ಇವನಿಗೆ ಆಗಲ್ಲ, ಒಳಗೇ ಇರಲಿ" ಅಂತ ದಯವಿಟ್ಟು ಬಿಟ್ಟುಹೋಗಬೇಡಿ. ಇಂಥ ಮಕ್ಕಳಿಗೆ ಅಂಗಳ ಇನ್ನೂ ಜಾಸ್ತಿ ಬೇಕು.

ಸೋಲಾಪುರ ರಸ್ತೆಯ ಅಪ್ಪ
ಬುಧವಾರ ರಾತ್ರಿ 9:20

ಎಲ್ಲರ ಮಾತು ಓದಿದೆ. ನಾಯಿಯ ಹೆದರಿಕೆ ನನಗೆ ಇನ್ನೂ ಹೋಗಿಲ್ಲ. ಕಾಂಪೌಂಡಿಗೆ ಕೆಳಗಿನವರೆಗೆ ಜಾಳಿಗೆ ಇಲ್ಲದೆ ನನ್ನ ಮಗನನ್ನು ಬಿಡಲು ಒಪ್ಪುವುದಿಲ್ಲ. ಆದರೆ ಒಂದು ಹೇಳಬೇಕು. ತಾಯಿ ಆಡಿಸುತ್ತಾರೆ ಅಂತ ಬರೆದಿದ್ದೆನಲ್ಲ, ನಿನ್ನೆ ಅವರನ್ನು ಕೇಳಿದೆ. "ನನ್ನ ಮೊಣಕಾಲಿಗೆ ಅವನ ಹಿಂದೆ ಓಡಲು ಆಗುವುದಿಲ್ಲಪ್ಪಾ, ಮೊಬೈಲ್ ಕೊಟ್ಟು ಕೂರಿಸ್ತೀನಿ" ಅಂದರು. ನನಗೆ ಗೊತ್ತೇ ಇರಲಿಲ್ಲ.

ನನಗೆ ವೆಲ್ಡಿಂಗ್ ಮಾಡುವ ಸ್ನೇಹಿತ ಇದ್ದಾನೆ. ಯಾವ ಡೇಕೇರ್‌ಗಾದರೂ ಗೇಟಿನ ಕೆಳಗೆ ಜಾಳಿಗೆ ಬೇಕಾದರೆ ಹೇಳಿ, ಕೂಲಿ ನಾನು ಕೊಡುತ್ತೇನೆ.

ಜಲನಗರದ ಅಮ್ಮ
ಆರು ವಾರದ ನಂತರ, ಭಾನುವಾರ ಸಂಜೆ 7:00

ಆಮೇಲೆ ಏನಾಯಿತು ಅಂತ ಹೇಳುತ್ತೇನೆ.

ಕ್ಷಮೆ ಕೇಳಿದಾಗ ನಮ್ಮ ಡೇಕೇರ್‌ನ ಅಕ್ಕ ಕಣ್ಣೀರು ಹಾಕಿದರು. ಆಮೇಲೆ 11 ಮನೆಯವರು ಒಂದು ಸಂಜೆ ಕೂತು ಮಾತಾಡಿದೆವು. ಒಂದು ಕಾಗದದಲ್ಲಿ ಬರೆದು ಹೆಚ್ಚಿನವರು ಸಹಿ ಹಾಕಿದೆವು. ತರಚು ಗಾಯಕ್ಕೆ ಜಗಳ ಮಾಡುವುದಿಲ್ಲ, ದಿನಾ ಹಳೆ ಅಂಗಿ ಒಂದು ಜೋಡಿ ಕಳಿಸುತ್ತೇವೆ, ನೀರಿನ ಬಾಟಲಿ ತುಂಬಿ ಕಳಿಸುತ್ತೇವೆ, ದೊಡ್ಡ ಗಾಯವಾದರೆ ಮೊದಲು ಆಸ್ಪತ್ರೆ, ಆಮೇಲೆ ಫೋನ್. ಇಬ್ಬರು ಸಹಿ ಹಾಕಲಿಲ್ಲ. ಒಬ್ಬರ ಮಗುವಿಗೆ ಉಬ್ಬಸ ಇದೆ, ಡಾಕ್ಟರನ್ನು ಕೇಳಿ ಹೇಳುತ್ತೇವೆ ಅಂದರು. ಇನ್ನೊಬ್ಬರಿಗೆ ಇಷ್ಟ ಇಲ್ಲ. ಅವರ ಮಕ್ಕಳನ್ನು ಆ ಹೊತ್ತಿಗೆ ಒಳಗೆ ಒಬ್ಬ ಆಯಾ ನೋಡಿಕೊಳ್ಳುತ್ತಾರೆ. ಇದರಿಂದ ಹೊರಗೆ ಕೈ ಕಡಿಮೆಯಾಗಿದೆ. ಅದಕ್ಕೆ ಇನ್ನೂ ದಾರಿ ಸಿಕ್ಕಿಲ್ಲ. ಸದ್ಯಕ್ಕೆ ನಾವು ತಾಯಂದಿರು ಪಾಳಿ ಹಾಕಿಕೊಂಡು ಒಬ್ಬೊಬ್ಬರು ಅರ್ಧ ಗಂಟೆ ನಿಲ್ಲುತ್ತಿದ್ದೇವೆ. ನನ್ನ ಪಾಳಿ ಗುರುವಾರ. ಆಫೀಸಿಗೆ ಅವತ್ತು ತಡ ಆಗುತ್ತದೆ, ಸಂಜೆ ಅಷ್ಟು ಹೊತ್ತು ಜಾಸ್ತಿ ಕೂರುತ್ತೇನೆ.

ಈಗ ಬಿಸಿಲು ಏರಿದೆ. ಡೇಕೇರ್ 8 ಗಂಟೆಗೇ ತೆಗೆಯುತ್ತಾರೆ. 8:15ರಿಂದ 9:15ರವರೆಗೆ ಅಂಗಳ. ಊಟ ಬಿಟ್ಟರೂ, ಹಟ ಮಾಡಿದರೂ ಅಂಗಳ ಸಿಗುತ್ತದೆ. ಅದನ್ನು ಕಸಿದುಕೊಳ್ಳುವುದಿಲ್ಲ ಅಂತ ಅಕ್ಕನೇ ಹೇಳಿದರು. ಗೇಟಿಗೆ ಜಾಳಿಗೆ ಬಂತು, ಸೋಲಾಪುರ ರಸ್ತೆಯ ಅಣ್ಣನಿಗೆ ಎಲ್ಲರ ಪರವಾಗಿ ಧನ್ಯವಾದ. ಮೂಲೆಯಲ್ಲಿದ್ದ ಕಣಗಿಲು ತೆಗೆಸಿದೆವು.

ನನ್ನ ಮಗಳು ಐದು ದಿನ ಮೆಟ್ಟಿಲ ಮೇಲೆ ಕೂತು ನೋಡಿದಳಂತೆ. ಆರನೇ ದಿನ ಒಂದು ಚಪ್ಪಲಿ ಬಿಚ್ಚಿದಳು, ಒಂದು ಹಾಕಿಕೊಂಡೇ ಇದ್ದಳು. ಮೊನ್ನೆ ಮನೆಗೆ ಬಂದಾಗ ಜೇಬಿನ ತುಂಬ ಬೇವಿನ ಒಣ ಎಲೆ. ತೊಳೆಯಲು ಹಾಕುವಾಗ ತೆಗೆದೆ. "ಅವು ನನ್ನ ರೊಟ್ಟಿ, ಒಗೀಬ್ಯಾಡ" ಅಂತ ಜಗಳ ಮಾಡಿದಳು. ಡಬ್ಬಿಯಲ್ಲಿ ಹಾಕಿ ಇಟ್ಟಿದ್ದೇನೆ. ರಾತ್ರಿ 10:30ರವರೆಗೆ ಮಲಗದವಳು ಈಗ 9ಕ್ಕೆ ಮಲಗುತ್ತಾಳೆ.

ಡೇಕೇರ್ ನಡೆಸುವವಳು
ಭಾನುವಾರ ರಾತ್ರಿ 9:15

ಅಕ್ಕಾ, ನಿಮ್ಮ ಆ ಕಾಗದದ ಫೋಟೋ ಕಳಿಸಿ. ನಾನೂ ಪೋಷಕರನ್ನು ಕರೆದಿದ್ದೇನೆ. ಬೀಗ ತೆಗೆದು ಮೂರು ವಾರ ಆಯಿತು, ಒಂಬತ್ತೊಂಬತ್ತು ಮಕ್ಕಳಂತೆ ಬಿಡುತ್ತಿದ್ದೇನೆ. ನಾಲ್ಕು ಗಂಟೆಯ ಕಚ್ಚಾಟ ಪೂರ್ತಿ ನಿಂತಿಲ್ಲ, ಆದರೆ ಕಡಿಮೆ ಆಗಿದೆ. ಉಸುಕು ಎಷ್ಟು ಬೇಕಾಗುತ್ತದೆ? ರಾತ್ರಿ ಬೆಕ್ಕು ಬಂದು ಹೊಲಸು ಮಾಡಿದರೆ ಏನು ಮಾಡುವುದು?

ಬೇವಿನ ನೆರಳು
ಭಾನುವಾರ ರಾತ್ರಿ 9:30

ಒಂಬತ್ತು ಮಕ್ಕಳಿಗೆ ಅರ್ಧ ಟ್ರಾಲಿ ಸಾಕು ತಂಗಿ. ಮೊದಲು ಜರಡಿ ಹಿಡಿಸು, ಗಾಜಿನ ಚೂರು, ಮೊಳೆ ಇರುತ್ತವೆ. ಸುತ್ತ ಇಟ್ಟಂಗಿ ಒಂದು ಸಾಲು ಇಡು. ಸಂಜೆ ತಾಡಪತ್ರಿ ಮುಚ್ಚಿ ನಾಲ್ಕು ಮೂಲೆಗೆ ಕಲ್ಲು ಇಟ್ಟರೆ ಬೆಕ್ಕು ಬರುವುದಿಲ್ಲ. ಬೆಳಿಗ್ಗೆ ಮಕ್ಕಳು ಬರುವ ಮೊದಲು ತಾಡಪತ್ರಿ ತೆಗೆದು ಕೋಲಿನಿಂದ ಒಮ್ಮೆ ಕೆದಕಿ ನೋಡು, ಚೇಳು ಇದ್ದರೆ ಕಾಣುತ್ತದೆ. ಆಮೇಲೆ ಸ್ವಲ್ಪ ನೀರು ಚಿಮುಕಿಸು. ಧೂಳು ಏಳುವುದಿಲ್ಲ, ಗೂಡೂ ಗಟ್ಟಿಯಾಗಿ ನಿಲ್ಲುತ್ತದೆ.

ಡೇಕೇರ್ ನಡೆಸುವವಳು
ಭಾನುವಾರ ರಾತ್ರಿ 9:42

ಆಯಿತು ಅಕ್ಕಾ. ಶನಿವಾರ ಬೆಳಿಗ್ಗೆ 7ಕ್ಕೆ ಉಸುಕು ತರಿಸುತ್ತೇನೆ. ಜರಡಿ ನನ್ನಲ್ಲಿ ಒಂದೇ ಇದೆ. ಯಾರ ಮನೆಯಲ್ಲಾದರೂ ದೊಡ್ಡ ಜರಡಿ, ಸಲಿಕೆ ಇದ್ದರೆ ತರುತ್ತೀರಾ?

ಸೋಲಾಪುರ ರಸ್ತೆಯ ಅಪ್ಪ
ಭಾನುವಾರ ರಾತ್ರಿ 9:50

ಸಲಿಕೆ ಎರಡು ಇವೆ. ಮಗನನ್ನೂ ಕರೆದುಕೊಂಡು ಬರುತ್ತೇನೆ.